ತೊಗರಿಗೊಂದು ಲೆಕ್ಕ, ಬಾಳೆಗೊಂದು ಲೆಕ್ಕ



ಇಂದಿನ ಭಾಷಣದ ವಿಷಯ ಗೊಬ್ಬರ. ಗಿಡದ ಬೆಳವಣಿಗೆಯಲ್ಲಿ ಗೊಬ್ಬರ ನಿಜವಾಗಿ ಮಾಡುವ ಕೆಲಸವೇನು, ಅದನ್ನು ಎಷ್ಟು ಹಾಕಬೇಕೆಂಬುದನ್ನು ಯಾವುದು ನಿರ್ಧರಿಸಬೇಕು ಎಂಬುದು ಇಲ್ಲಿಯ ಪ್ರಶ್ನೆ. ಈ ಪ್ರಶ್ನೆಯನ್ನು ಬಿಡಿಸಲು ಕಲಬುರಗಿ ಜಿಲ್ಲೆಯೇ ಒಳ್ಳೆಯ ಪಾಠಶಾಲೆ. ಕಲಬುರಗಿ ನಗರದ ಸುತ್ತಲಿನ ಎರೆಭೂಮಿಯಲ್ಲಿ ತೊಗರಿ ಬೆಳೆಯುತ್ತದೆ. ಅಲ್ಲಿಂದ ಹುಮನಾಬಾದ್ ದಾರಿ ಹಿಡಿದು ಸುಮಾರು 35 ಕಿಲೋಮೀಟರ್ ಸಾಗಿದರೆ ಸಿಗುವ ಕಮಲಾಪುರದ ಕಣಿವೆಯ ಇಳಿಜಾರುಗಳಲ್ಲಿ ಕೆಂಪು ಬಾಳೆ ಬೆಳೆಯುತ್ತದೆ. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅಂದರೆ ಆ ಬೆಳೆಯ ಗುಣ ಆ ಊರಿನ ನೆಲ ಮತ್ತು ಹವೆಗೆ ಅಂಟಿಕೊಂಡದ್ದು ಎಂದು ಕಾನೂನೇ ಒಪ್ಪಿಕೊಂಡಿದೆ. ಕಲಬುರಗಿಯ ತೊಗರಿಬೇಳೆಗೆ ಈ ಮನ್ನಣೆ ಬಂದದ್ದು 2019ರಲ್ಲಿ. ಕಮಲಾಪುರದ ಕೆಂಪು ಬಾಳೆಗೆ ಅದಕ್ಕೂ ಮೊದಲೇ ಬಂದಿತ್ತು.

ಈ ಎರಡು ಬೆಳೆಗಳ ಹಸಿವು ಮಾತ್ರ ಒಂದೇ ತೆರನಾದುದಲ್ಲ. ತೊಗರಿ ತನಗೆ ಬೇಕಾದ ಸಾರಜನಕದ ಹೆಚ್ಚಿನ ಪಾಲನ್ನು ಗಾಳಿಯಿಂದಲೇ ಸಂಪಾದಿಸಿಕೊಳ್ಳಬಲ್ಲದು. ಕೆಂಪು ಬಾಳೆ ಸುಮಾರು 18 ತಿಂಗಳು ನೆಲದಲ್ಲಿದ್ದು, ಗೊನೆ ಬಲಿಯುವವರೆಗೂ ಮಣ್ಣಿನಿಂದ ಆಹಾರವನ್ನು ಬೇಡುತ್ತಲೇ ಇರುತ್ತದೆ. ಇಬ್ಬರು ಬೆಳೆಗಾರರೂ ಒಂದೇ ಅಂಗಡಿಯಿಂದ ಒಂದೇ ಬಗೆಯ ಚೀಲವನ್ನು ತಂದು ಒಂದೇ ಅಳತೆಯಲ್ಲಿ ಹಾಕಿದರೆ, ಒಬ್ಬರ ಹಣ ನೀರುಪಾಲಾಗುತ್ತದೆ, ಇನ್ನೊಬ್ಬರ ಬೆಳೆ ಬಡವಾಗುತ್ತದೆ. ಆದ್ದರಿಂದ ಗೊಬ್ಬರದ ಅಳತೆಯನ್ನು ಬೆಳೆ ಮತ್ತು ಮಣ್ಣು ಹೇಳಬೇಕೇ ಹೊರತು ಚೀಲವಾಗಲಿ, ಪಕ್ಕದ ಹೊಲವಾಗಲಿ ಹೇಳಬಾರದು ಎಂಬ ಒಂದೇ ಮಾತನ್ನು ಈ ಭಾಷಣ ಕೊನೆಯವರೆಗೂ ಹಿಡಿದು ಸಾಗುತ್ತದೆ.

ಮೊದಲಿಗೆ ಗಿಡದ ಆಹಾರವೆಂದರೇನು ಎಂಬುದನ್ನು ತಿಳಿಯಬೇಕು. ಗಿಡವು ಬದುಕಿ, ಬೆಳೆದು, ಕಾಯಿ ಕಟ್ಟಬೇಕಾದರೆ 17 ಮೂಲಧಾತುಗಳು ಬೇಕೆಂದು ಸಸ್ಯವಿಜ್ಞಾನ ಹೇಳುತ್ತದೆ. ಇವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಎಂಬ ಮೂರು ಗಾಳಿ ಮತ್ತು ನೀರಿನಿಂದ ಬರುತ್ತವೆ. ಗಿಡದ ಒಣತೂಕದ ಬಹುಭಾಗ ಈ ಮೂರರಿಂದಲೇ ಆಗಿರುತ್ತದೆ. ಉಳಿದ 14 ಧಾತುಗಳನ್ನು ಬೇರು ಮುಖ್ಯವಾಗಿ ಮಣ್ಣಿನಿಂದ ಹೀರಬೇಕು. ಹೆಚ್ಚು ಪ್ರಮಾಣದಲ್ಲಿ ಬೇಕಾಗುವ ಸಾರಜನಕ, ರಂಜಕ, ಪೊಟ್ಯಾಶ್ ಪ್ರಧಾನ ಪೋಷಕಾಂಶಗಳು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಅವುಗಳ ನಂತರದವು. ಸತು, ಕಬ್ಬಿಣ, ಬೋರಾನ್ ಮೊದಲಾದವು ಎಕರೆಗೆ ಗ್ರಾಂ ಲೆಕ್ಕದಲ್ಲಷ್ಟೇ ಬಳಕೆಯಾಗುವುದರಿಂದ ಅವನ್ನು ಲಘು ಪೋಷಕಾಂಶಗಳೆನ್ನುತ್ತಾರೆ. ಪ್ರಮಾಣದಲ್ಲಿ ಲಘುವಾದರೂ ಅವಿಲ್ಲದೆ ಗಿಡದ ಬದುಕು ನಡೆಯುವುದಿಲ್ಲ.

ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ. ಸಾರಜನಕವು ಎಲೆಯ ಹಸಿರಾದ ಪತ್ರಹರಿತ್ತಿಗೂ ಕಾಳಿನ ಪ್ರೋಟೀನಿಗೂ ಬೇಕು. ಅದು ಕಡಿಮೆಯಾದರೆ ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ, ಏಕೆಂದರೆ ಗಿಡವು ಹಳೆಯ ಎಲೆಯಲ್ಲಿದ್ದುದನ್ನು ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ರಂಜಕವು ಬೇರು ಇಳಿಯಲು, ಹೂ ಕಟ್ಟಲು, ಗಿಡದೊಳಗೆ ಶಕ್ತಿಯ ಸಾಗಾಟ ನಡೆಯಲು ಬೇಕು. ಪೊಟ್ಯಾಶ್ ಗಿಡದೊಳಗಿನ ನೀರಿನ ಹದವನ್ನು ಕಾಯುತ್ತದೆ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಣ್ಣಿಗೆ ಮುಟ್ಟಿಸುತ್ತದೆ. ಅದು ಸಾಲದಿದ್ದರೆ ಹಳೆಯ ಎಲೆಗಳ ಅಂಚು ಬೆಂಕಿ ತಗುಲಿದಂತೆ ಒಣಗುತ್ತದೆ. ಕಬ್ಬಿಣದ ಕೊರತೆ ಇದಕ್ಕೆ ತದ್ವಿರುದ್ಧವಾಗಿ ಎಳೆಯ ಎಲೆಯಲ್ಲಿ ಕಾಣುತ್ತದೆ: ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗವೆಲ್ಲ ಬಿಳಿಚಿಕೊಳ್ಳುತ್ತದೆ. ಹಳದಿ ಬಣ್ಣ ಕಂಡೊಡನೆ ಯೂರಿಯಾ ಎರಚುವ ರೂಢಿ ಎಷ್ಟು ಅಪಾಯಕಾರಿ ಎಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ಹಳದಿಯಾದದ್ದು ಹಳೆಯ ಎಲೆಯೋ ಎಳೆಯ ಎಲೆಯೋ ಎಂದು ಮೊದಲು ನೋಡಬೇಕು.

ಗಿಡಕ್ಕೆ 17 ಧಾತುಗಳು ಬೇಕು, ಅವುಗಳಲ್ಲಿ 14 ಮಣ್ಣಿನಿಂದ ಬರುತ್ತವೆ, ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು ಎಂಬಲ್ಲಿಗೆ ಮೊದಲ ಮಾತು ಮುಗಿಯಿತು. ಇದರಿಂದಲೇ ಹುಟ್ಟುವ ಎರಡನೆಯ ಮಾತು ಕೊರತೆಯ ನಿಯಮದ್ದು.

ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ 1840ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಗಿಡಗಳು ಮಣ್ಣಿನಿಂದ ಖನಿಜಗಳನ್ನು ಹೀರಿ ಬೆಳೆಯುತ್ತವೆ, ಹೀರಿದ್ದನ್ನು ಮಣ್ಣಿಗೆ ಹಿಂದಿರುಗಿಸದಿದ್ದರೆ ನೆಲ ಬರಡಾಗುತ್ತದೆ ಎಂದು ವಾದಿಸಿದನು. ಬೆಳೆಯ ಇಳುವರಿಯು ಯಥೇಚ್ಛವಾಗಿರುವ ಪೋಷಕಾಂಶವನ್ನು ಅನುಸರಿಸದೆ, ಅಗತ್ಯಕ್ಕಿಂತ ಅತಿ ಕಡಿಮೆಯಿರುವ ಪೋಷಕಾಂಶವನ್ನು ಅನುಸರಿಸುತ್ತದೆ ಎಂಬ ಕನಿಷ್ಠ ನಿಯಮವು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎತ್ತರ ತಗ್ಗಾದ ಹಲಗೆಗಳಿಂದ ಮಾಡಿದ ಪೀಪಾಯಿಗೆ ನೀರು ತುಂಬಿದರೆ, ಎಲ್ಲಕ್ಕಿಂತ ಗಿಡ್ಡ ಹಲಗೆಯ ಮಟ್ಟಕ್ಕೆ ಬಂದ ಕೂಡಲೇ ನೀರು ಹೊರಚೆಲ್ಲುತ್ತದೆಯಲ್ಲವೇ? ಹೊಲದಲ್ಲಿ ಆಗುವುದೂ ಹಾಗೆಯೇ. ಸತು ಕಡಿಮೆಯಿರುವ ಹೊಲಕ್ಕೆ ಎಷ್ಟು ಚೀಲ ಯೂರಿಯಾ ಸುರಿದರೂ ಇಳುವರಿಯು ಸತುವಿನ ಮಟ್ಟದಲ್ಲೇ ನಿಲ್ಲುತ್ತದೆ. ಗೊಬ್ಬರದ ಕೆಲಸವೆಂದರೆ ಆ ಕಡಿಮೆಯಿರುವುದನ್ನು ತುಂಬುವುದು. ಇದ್ದುದರ ಮೇಲೆ ಇನ್ನಷ್ಟು ಸುರಿಯುವುದು ಗೊಬ್ಬರದ ಕೆಲಸವಲ್ಲ.

ಕೊರತೆ ತುಂಬುವುದೇ ಗೊಬ್ಬರದ ಕೆಲಸ ಎಂದ ಮೇಲೆ, ಈ ಭಾಗದ ಮಣ್ಣಿನಲ್ಲಿರುವ ಕೊರತೆ ಯಾವುದು ಎಂಬುದು ಮೂರನೆಯ ಪ್ರಶ್ನೆ.

ಕಲಬುರಗಿಯ ಎರೆಮಣ್ಣು ಸೂಕ್ಷ್ಮವಾದ ಜೇಡಿಯಿಂದ ಕೂಡಿದ್ದು, ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಅಗೆದಾಗ ಬೆರಳಿಗೆ ಸಿಗುವ ಬಿಳಿಯ ಸುಣ್ಣದ ಹರಳುಗಳು ಇದರ ಇನ್ನೊಂದು ಲಕ್ಷಣ. ಈ ಮಣ್ಣಿನಲ್ಲಿ ಪೊಟ್ಯಾಶ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಸಾರಜನಕ ಕಡಿಮೆ, ಏಕೆಂದರೆ ಬಿಸಿಲಿನ ಈ ಸೀಮೆಯಲ್ಲಿ ಸಾವಯವ ಪದಾರ್ಥ ಬೇಗ ಕರಗಿಹೋಗುತ್ತದೆ. ರಂಜಕವನ್ನು ಹಾಕಿದರೂ ಅದು ಸುಣ್ಣದೊಡನೆ ಸೇರಿ, ಬೇರಿಗೆ ಸುಲಭವಾಗಿ ಎಟುಕದ ರೂಪಕ್ಕೆ ತಿರುಗುತ್ತದೆ. ಸತು ಮತ್ತು ಕಬ್ಬಿಣ ಮಣ್ಣಿನಲ್ಲಿದ್ದರೂ ಕ್ಷಾರಗುಣದಿಂದಾಗಿ ಕರಗದೆ ಉಳಿಯುತ್ತವೆ. ಕರ್ನಾಟಕ ಸರ್ಕಾರವು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಸೇರಿ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು, ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿಕೊಟ್ಟವು. ಅಲ್ಲಿಯವರೆಗೆ ಗೊಬ್ಬರವೆಂದರೆ ಯೂರಿಯಾ ಮತ್ತು ಡಿ.ಎ.ಪಿ. ಎಂದೇ ನಂಬಿದ್ದ ಅನೇಕ ರೈತರಿಗೆ ಇದು ಹೊಸ ತಿಳಿವಳಿಕೆಯಾಗಿತ್ತು.

ಗಿಡಕ್ಕೆ ಬೇಕಾದದ್ದೇನು, ಕೊರತೆಯ ನಿಯಮವೇನು, ಎರೆಮಣ್ಣಿನ ಸ್ವಭಾವವೇನು ಎಂಬ ಮೂರು ಮಾತುಗಳು ಇಲ್ಲಿಗೆ ಆದವು. ಈಗ ಇವನ್ನು ತೊಗರಿಯ ಹೊಲಕ್ಕೆ ಅನ್ವಯಿಸಿ ನೋಡಬೇಕು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ತೊಗರಿಯಂಥ ದ್ವಿದಳ ಧಾನ್ಯದ ಬೇರಿನಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಸಣ್ಣ ಗಂಟುಗಳನ್ನು ಕಟ್ಟಿಕೊಂಡು ನೆಲೆಸುತ್ತವೆ. ಗಿಡದಿಂದ ಸಕ್ಕರೆಯನ್ನು ಪಡೆದು, ಪ್ರತಿಯಾಗಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ಪರಿವರ್ತಿಸಿ ಕೊಡುತ್ತವೆ. ಬಿತ್ತಿದ ಒಂದೂವರೆ ತಿಂಗಳ ಸುಮಾರಿಗೆ ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ, ನೀರಿನಲ್ಲಿ ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಬಹುದು. ಒಳಗೆ ನಸುಗೆಂಪು ಬಣ್ಣವಿದ್ದರೆ ಸೂಕ್ಷ್ಮಜೀವಿಗಳು ಕೆಲಸದಲ್ಲಿವೆ ಎಂದು ಅರ್ಥ. ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಅವು ಸಾರಜನಕ ಕೊಡುತ್ತಿಲ್ಲ.

ಇದೇ ಕೆಲಸವನ್ನು ಮನುಷ್ಯನು ಕಾರ್ಖಾನೆಯಲ್ಲಿ ಮಾಡಲು ಕಲಿತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಫ್ರಿಟ್ಸ್ ಹಾಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಸಾಧಿಸಿದ್ದನ್ನು ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದನು. ಇಂದಿನ ಯೂರಿಯಾದ ಮೂಲ ಅದೇ ವಿಧಾನ. ಅದಕ್ಕೆ ನೂರಾರು ಡಿಗ್ರಿ ಉಷ್ಣತೆ, ಅಪಾರ ಒತ್ತಡ, ಇಂಧನ ಎಲ್ಲವೂ ಬೇಕು. ತೊಗರಿಯ ಬೇರಿನ ಗಂಟು ಅದೇ ಕಾರ್ಯವನ್ನು ಹೊಲದ ಉಷ್ಣತೆಯಲ್ಲಿಯೇ ಮಾಡಿ ಮುಗಿಸುತ್ತದೆ.

ಹಾಗಾದರೆ ತೊಗರಿಗೆ ಗೊಬ್ಬರವೇ ಬೇಡವೇ? ಬೇಕು, ಆದರೆ ಲೆಕ್ಕ ಬೇರೆ. ಎಕರೆಗೆ ಸುಮಾರು 10 ಕಿಲೋ ಸಾರಜನಕ ಮತ್ತು 20 ಕಿಲೋ ರಂಜಕ ಎಂಬುದು ಮಳೆಯಾಶ್ರಿತ ತೊಗರಿಗೆ ರೂಢಿಯಲ್ಲಿರುವ ಶಿಫಾರಸು. ಆ ಸ್ವಲ್ಪ ಸಾರಜನಕವು ಗಂಟುಗಳು ಕಟ್ಟುವವರೆಗೆ ಸಸಿಯನ್ನು ಸಾಕುವುದಕ್ಕಾಗಿ. ರಂಜಕವು ಬೇರಿಗೂ ಗಂಟಿಗೂ ಶಕ್ತಿ ತುಂಬುವುದಕ್ಕಾಗಿ. 50 ಕಿಲೋ ತೂಕದ ಒಂದು ಚೀಲ ಡಿ.ಎ.ಪಿ.ಯಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುವುದರಿಂದ ಎಕರೆಗೆ ಒಂದು ಚೀಲವೇ ಈ ಅಗತ್ಯವನ್ನು ಪೂರೈಸುತ್ತದೆ. ಮೇಲೆ ಯೂರಿಯಾ ಎರಚಿದರೆ ಪ್ರಯೋಜನಕ್ಕಿಂತ ನಷ್ಟವೇ ಹೆಚ್ಚು. ಸಾರಜನಕ ಸುಲಭವಾಗಿ ಸಿಕ್ಕಾಗ ಗಂಟುಗಳ ಕೆಲಸ ಕುಗ್ಗುತ್ತದೆ, ಗಿಡ ಸೊಕ್ಕಿ ಎಲೆ ಬಿಡುತ್ತದೆ, ಕಾಯಿ ಹಿಂದುಳಿಯುತ್ತದೆ.

ಹಾಕುವ ಕ್ರಮವೂ ಅಳತೆಯಷ್ಟೇ ಮುಖ್ಯ. ರಂಜಕವು ಮಣ್ಣಿನಲ್ಲಿ ಹಾಕಿದ ಜಾಗದಿಂದ ಹೆಚ್ಚು ದೂರ ಸರಿಯುವುದಿಲ್ಲ. ಎರಚಿದರೆ ಅದು ಸುಣ್ಣದ ಪಾಲಾಗುತ್ತದೆ. ಆದ್ದರಿಂದ ಬಿತ್ತುವಾಗಲೇ ಕೂರಿಗೆಯ ಮೂಲಕ ಬೀಜದ ಸಾಲಿನಲ್ಲಿ, ಬೀಜಕ್ಕೆ ತಾಗದಂತೆ, ಅದಕ್ಕಿಂತ ಸ್ವಲ್ಪ ಆಳಕ್ಕೆ ಬೀಳುವ ಹಾಗೆ ಹಾಕಬೇಕು. ಬೀಜಕ್ಕೆ ರೈಜೋಬಿಯಂ ಮತ್ತು ರಂಜಕ ಕರಗಿಸುವ ಜೀವಾಣು ಗೊಬ್ಬರವನ್ನು ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ಕ್ರಮ. ಡಿ.ಎ.ಪಿ.ಯಲ್ಲಿ ಗಂಧಕವಿಲ್ಲ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ರಂಜಕದ ಜೊತೆಗೆ ನೂರಕ್ಕೆ ಸುಮಾರು 11 ಪಾಲು ಗಂಧಕವಿರುವುದರಿಂದ ಗಂಧಕ ಕಡಿಮೆಯಿರುವ ಹೊಲಕ್ಕೆ ಅದು, ಇಲ್ಲವೇ ಜಿಪ್ಸಂ ಹೊಂದುತ್ತದೆ. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರದೊಡನೆ ಬೆರೆಸದೆ, ತಿಪ್ಪೆಗೊಬ್ಬರದೊಡನೆ ಕಲಸಿ ಹಾಕಬೇಕು. ಬೆರೆಸಿದರೆ ಎರಡೂ ಒಂದನ್ನೊಂದು ಕಟ್ಟಿಹಾಕುತ್ತವೆ. ಹೂ ಉದುರುವುದನ್ನು ತಡೆಯಲು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ರೂಪಿಸಿದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶ ಮಿಶ್ರಣವನ್ನು ಹೂವಿನ ಹಂತದಲ್ಲಿ ಎಲೆಗೆ ಸಿಂಪಡಿಸುವುದು ಈ ಭಾಗದ ರೈತರಿಗೆ ಪರಿಚಿತವಾಗಿದೆ.

ತೊಗರಿಗೆ ಸಾರಜನಕ ಸ್ವಲ್ಪ, ರಂಜಕ ಮುಖ್ಯ, ಗಂಧಕ ಮತ್ತು ಸತುವನ್ನು ಮರೆಯಬಾರದು. ಇದು ತೊಗರಿಯ ಲೆಕ್ಕ. ಇನ್ನು ಕಮಲಾಪುರದ ಬಾಳೆಯ ಲೆಕ್ಕ.

ಕೆಂಪು ಸಿಪ್ಪೆ, ಕೆನೆಬಣ್ಣದ ತಿರುಳು, ವಿಶಿಷ್ಟ ರುಚಿಯ ಈ ಹಣ್ಣನ್ನು ಸಿರಿವಂತರ ಹಣ್ಣು ಎನ್ನುವುದುಂಟು. ಮಾರುಕಟ್ಟೆಯಲ್ಲಿ ಇದರ ಬೆಲೆ ಸಾಮಾನ್ಯ ಬಾಳೆಗಿಂತ ಬಹಳ ಹೆಚ್ಚು. ಆ ಬೆಲೆಯ ಹಿಂದೆ ದೀರ್ಘಕಾಲದ ಆರೈಕೆಯಿದೆ. ಬೇರೆ ತಳಿಗಳು ಸುಮಾರು ಒಂದು ವರ್ಷದಲ್ಲಿ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ಕಾಲವೂ ನೀರು, ತಿಪ್ಪೆಗೊಬ್ಬರ ಮತ್ತು ರಾಸಾಯನಿಕ ಗೊಬ್ಬರ ಮೂರನ್ನೂ ಧಾರಾಳವಾಗಿ ಕೇಳುತ್ತದೆ. ಬಾಳೆಯ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ ಹರಡುವುದರಿಂದ, ಆ ಪದರದಲ್ಲಿ ಆಹಾರವೂ ತೇವವೂ ಸದಾ ಇರಬೇಕು. ಕುಣಿಗೆ ತುಂಬುವ ಕೊಳೆತ ಗೊಬ್ಬರ ಇವೆರಡನ್ನೂ ಒದಗಿಸುತ್ತದೆ: ಆಹಾರವನ್ನು ನಿಧಾನವಾಗಿ ಬಿಡುತ್ತದೆ, ನೀರನ್ನು ಹಿಡಿದಿಡುತ್ತದೆ.

ಬಾಳೆ ಎಲ್ಲಕ್ಕಿಂತ ಹೆಚ್ಚು ಬೇಡುವುದು ಪೊಟ್ಯಾಶನ್ನು. ಕರ್ನಾಟಕದಲ್ಲಿ ಬಾಳೆಗೆ ಹೇಳುವ ಸಾಮಾನ್ಯ ಶಿಫಾರಸು ಪ್ರತಿ ಗಿಡಕ್ಕೆ ಸುಮಾರು 180 ಗ್ರಾಂ ಸಾರಜನಕ, 110 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಶ್. ಅಂಗಡಿಯ ಗೊಬ್ಬರದ ಲೆಕ್ಕಕ್ಕೆ ತಂದರೆ ಇದು ಗಿಡವೊಂದಕ್ಕೆ ಹತ್ತಿರ ಹತ್ತಿರ 400 ಗ್ರಾಂ ಯೂರಿಯಾ, 700 ಗ್ರಾಂ ಸೂಪರ್ ಫಾಸ್ಫೇಟ್, 375 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್. ತೊಗರಿಯ ಶಿಫಾರಸಿನಲ್ಲಿ ಪೊಟ್ಯಾಶಿನ ಮಾತೇ ಬರಲಿಲ್ಲ, ಬಾಳೆಯಲ್ಲಿ ಅದೇ ಮೊದಲ ಸ್ಥಾನದಲ್ಲಿದೆ ಎಂಬುದನ್ನು ಕೇಳುಗರು ಗಮನಿಸಬೇಕು. ಗೊನೆಯ ತೂಕ, ಹಣ್ಣಿನ ಸಿಹಿ, ಕಾಂಡದ ಗಟ್ಟಿತನ, ಬಾಳಿಕೆ ಇವೆಲ್ಲ ಪೊಟ್ಯಾಶಿನೊಡನೆ ಹೊಂದಿಕೊಂಡಿವೆ. ಪೊಟ್ಯಾಶ್ ಬಿಟ್ಟು ಯೂರಿಯಾ ಒಂದನ್ನೇ ಹಾಕಿದ ತೋಟ ಕಡುಹಸಿರಾಗಿ ಕಾಣುತ್ತದೆಯಾದರೂ, ಗೊನೆ ಹೊತ್ತ ಗಿಡ ಗಾಳಿಗೆ ಸುಲಭವಾಗಿ ಮುರಿದುಬೀಳುತ್ತದೆ.

ಇಷ್ಟನ್ನೂ ಒಂದೇ ಸಲ ಹಾಕುವಂತಿಲ್ಲ. ಯೂರಿಯಾ ನೀರಿನಲ್ಲಿ ಬೇಗ ಕರಗಿ ಬೇರಿನ ಕೆಳಗೆ ಇಳಿದುಹೋಗುತ್ತದೆ. ಕ್ಷಾರಗುಣದ ಮಣ್ಣಿನ ಮೇಲೆ ಬಿಟ್ಟರೆ ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ಆದ್ದರಿಂದ ಯೂರಿಯಾ ಮತ್ತು ಪೊಟ್ಯಾಶನ್ನು ಹಲವು ಕಂತುಗಳಾಗಿ ವಿಂಗಡಿಸಿ, ಬುಡದಿಂದ ಒಂದು, ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಹಾಕಿ, ಮಣ್ಣು ಮುಚ್ಚಿ, ಕೂಡಲೇ ನೀರು ಹಾಯಿಸಬೇಕು. ಹನಿ ನೀರಾವರಿಯಿರುವಲ್ಲಿ ಕರಗುವ ಗೊಬ್ಬರವನ್ನು ನೀರಿನೊಡನೆಯೇ ಬಿಡುವುದು ಇನ್ನೂ ಮಿತವ್ಯಯದ ದಾರಿ.

ತೊಗರಿ ಗಾಳಿಯಿಂದ ಗಳಿಸುತ್ತದೆ, ಬಾಳೆ ಮಣ್ಣಿನಿಂದ ಬೇಡುತ್ತದೆ. ಒಂದಕ್ಕೆ ರಂಜಕ ಮುಖ್ಯ, ಇನ್ನೊಂದಕ್ಕೆ ಪೊಟ್ಯಾಶ್ ಮುಖ್ಯ ಎಂಬಲ್ಲಿಗೆ ಎರಡೂ ಲೆಕ್ಕಗಳಾದವು. ಇವೆರಡಕ್ಕೂ ಸಮಾನವಾದ ಇನ್ನೊಂದು ವಿಚಾರ ಉಳಿದಿದೆ: ಹೊಲದಿಂದ ಹೋದದ್ದು ಹೊಲಕ್ಕೆ ಮರಳುತ್ತಿದೆಯೇ?

ತೊಗರಿಕಾಳಿನಲ್ಲಿ ನೂರಕ್ಕೆ ಸುಮಾರು 22 ಪಾಲು ಪ್ರೋಟೀನ್ ಇರುತ್ತದೆ, ಪ್ರೋಟೀನಿನ ಸುಮಾರು ಆರನೆಯ ಒಂದು ಪಾಲು ಸಾರಜನಕ. ಅಂದರೆ ಒಂದು ಕ್ವಿಂಟಲ್ ತೊಗರಿ ಮಾರುಕಟ್ಟೆಗೆ ಹೋದಾಗ ಅದರೊಡನೆ ಸುಮಾರು ಮೂರೂವರೆ ಕಿಲೋ ಸಾರಜನಕವೂ ಹೊಲ ಬಿಟ್ಟು ಹೋಗುತ್ತದೆ. ರಂಜಕ, ಗಂಧಕ, ಸತು ಕೂಡ ಹೋಗುತ್ತವೆ. ಗಾಳಿಯಿಂದ ಬರಬಹುದಾದದ್ದು ಸಾರಜನಕ ಮಾತ್ರ. ಉಳಿದುದನ್ನು ಯಾವ ಬೇರಿನ ಗಂಟೂ ತಂದುಕೊಡಲಾರದು. ಕಮಲಾಪುರದಿಂದ ಲಾರಿ ಏರುವ ಪ್ರತಿ ಗೊನೆಯೂ ಆ ತೋಟದ ಪೊಟ್ಯಾಶನ್ನು ಹೊತ್ತೊಯ್ಯುತ್ತದೆ. ಕಲಬುರಗಿಯ ದಾಲ್ ಮಿಲ್ಲುಗಳಿಗೂ ಮಾರುಕಟ್ಟೆಗೂ ಸುತ್ತಲಿನ ಹಳ್ಳಿಗಳ ಮಣ್ಣಿನ ಸಾರ ದಿನವೂ ಬಂದು ಸೇರುತ್ತಿದೆ.

ಹಿಂದೆ ಈ ಸಾರ ಹಿಂದಿರುಗುವ ದಾರಿಗಳಿದ್ದವು. ದನಕರುಗಳು ಹೊಟ್ಟು, ನುಚ್ಚು ತಿಂದು ಸಗಣಿ ಕೊಡುತ್ತಿದ್ದವು, ಅದು ತಿಪ್ಪೆಯಲ್ಲಿ ಕೊಳೆತು ಬೇಸಿಗೆಯಲ್ಲಿ ಬಂಡಿಗಳಲ್ಲಿ ಹೊಲ ಸೇರುತ್ತಿತ್ತು. ಸುಗ್ಗಿಯ ನಂತರ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ದನಗಳು ಕಡಿಮೆಯಾದಂತೆ ತಿಪ್ಪೆಯೂ ಸಣ್ಣದಾಯಿತು. ಆದರೂ ಇಂದು ಮಾಡಬಹುದಾದುದು ಬಹಳಷ್ಟಿದೆ. ಉದುರಿದ ತೊಗರಿ ಎಲೆಯನ್ನು ಹೊಲದಲ್ಲಿಯೇ ಬಿಟ್ಟು ಮಣ್ಣಿಗೆ ಸೇರಿಸಬಹುದು. ಗೊನೆ ಕಡಿದ ಬಾಳೆಯ ದಿಂಡು ಮತ್ತು ಎಲೆಗಳಲ್ಲಿ ಪೊಟ್ಯಾಶ್ ಹೇರಳವಾಗಿರುವುದರಿಂದ ಅವನ್ನು ಸುಡದೆ, ಬದಿಗೆ ಎಸೆಯದೆ, ಕತ್ತರಿಸಿ ತೋಟಕ್ಕೇ ಹಾಸಬಹುದು ಅಥವಾ ಎರೆಹುಳು ಗೊಬ್ಬರ ಮಾಡಬಹುದು. ನಗರದ ಕೇಳುಗರಿಗೂ ಇದರಲ್ಲಿ ಪಾಲಿದೆ. ಅಡುಗೆಮನೆಯ ಸಿಪ್ಪೆ, ಸೊಪ್ಪು, ಉಳಿದ ಅನ್ನವನ್ನು ಪ್ಲಾಸ್ಟಿಕ್ ಮತ್ತು ಗಾಜಿನೊಡನೆ ಬೆರೆಸದೆ ಹಸಿಕಸವಾಗಿ ಬೇರೆಯಿಟ್ಟರೆ ಅದು ಗೊಬ್ಬರವಾಗಬಲ್ಲದು. ಬೆರೆಸಿದರೆ ಯಾವ ರೈತನೂ ಹೊಲಕ್ಕೆ ಸೇರಿಸಲಾಗದ ಕಸವಾಗುತ್ತದೆ.

ಸಾವಯವ ಗೊಬ್ಬರವೋ ರಾಸಾಯನಿಕ ಗೊಬ್ಬರವೋ ಎಂಬ ಜಗಳ ಇಲ್ಲಿ ಅನಗತ್ಯ. ಬೇರು ಸಾರಜನಕವನ್ನು ಹೀರುವುದು ಮುಖ್ಯವಾಗಿ ನೈಟ್ರೇಟ್ ಅಥವಾ ಅಮೋನಿಯಂ ರೂಪದಲ್ಲಿ. ಅದು ಸಗಣಿಯಿಂದ ಬಂದಿತೋ ಚೀಲದಿಂದ ಬಂದಿತೋ ಎಂಬ ಭೇದವನ್ನು ಬೇರು ಎಣಿಸುವುದಿಲ್ಲ. ಭೇದವಿರುವುದು ಮಣ್ಣಿಗೆ. ತಿಪ್ಪೆಗೊಬ್ಬರವು ಪೋಷಕಾಂಶವನ್ನು ಕಡಿಮೆ ಕೊಟ್ಟರೂ ಮಣ್ಣಿನ ರಚನೆಯನ್ನೂ ಜೀವಿಗಳನ್ನೂ ಉಳಿಸುತ್ತದೆ. ಚೀಲದ ಗೊಬ್ಬರವು ಕೊರತೆಯನ್ನು ಬೇಗ ತುಂಬುತ್ತದೆಯಾದರೂ ಮಣ್ಣನ್ನು ಕಟ್ಟುವುದಿಲ್ಲ. ಎರಡನ್ನೂ ಸೇರಿಸಿ ಬಳಸುವುದೇ ಸಮಗ್ರ ಪೋಷಕಾಂಶ ನಿರ್ವಹಣೆ, ಮತ್ತು ಈ ಸೀಮೆಗೆ ಒಗ್ಗುವ ಮಾರ್ಗವೂ ಅದೇ.

ಗೊಬ್ಬರದ ಕೆಲಸ ಕೊರತೆ ತುಂಬುವುದು, ಕೊರತೆ ಬೆಳೆಯಿಂದ ಬೆಳೆಗೆ, ಹೊಲದಿಂದ ಹೊಲಕ್ಕೆ ಬೇರೆಯಾಗುತ್ತದೆ ಎಂಬುದು ಈವರೆಗಿನ ಸಾರಾಂಶ. ಹಾಗಾದರೆ ತನ್ನ ಹೊಲದ ಕೊರತೆಯನ್ನು ರೈತನು ತಿಳಿಯುವುದು ಹೇಗೆ? ಮಣ್ಣು ಪರೀಕ್ಷೆಯೊಂದೇ ಭರವಸೆಯ ದಾರಿ. ಬಿತ್ತನೆಗೆ ಮೊದಲು, ಬೇಸಿಗೆಯಲ್ಲಿ, ಹೊಲದ ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಕುಣಿ ತೆಗೆದು, ಕುಣಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣು ಕೆತ್ತಿಕೊಳ್ಳಬೇಕು; ಬಾಳೆಯ ತೋಟವಾದರೆ ಒಂದು ಅಡಿಯವರೆಗೂ ಇಳಿಯಬೇಕು. ಬದು, ಮರದ ನೆರಳು, ತಿಪ್ಪೆಯ ಜಾಗ ಇವನ್ನು ಬಿಡಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲನ್ನು ತೆಗೆದುಹಾಕುತ್ತ, ಅರ್ಧ ಕಿಲೋ ಉಳಿದಾಗ ನೆರಳಲ್ಲಿ ಒಣಗಿಸಿ, ಹೊಲದ ಗುರುತು ಬರೆದು, ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಮಣ್ಣಿನ 12 ಗುಣಗಳನ್ನು ಪರೀಕ್ಷಿಸಿ ವರದಿ ಕೊಡುವ ವ್ಯವಸ್ಥೆಯಿದೆ. ಆ ಚೀಟಿಯನ್ನು ಪೆಟ್ಟಿಗೆಯಲ್ಲಿಡದೆ ಗೊಬ್ಬರ ಕೊಳ್ಳಲು ಹೋಗುವಾಗ ಕೈಯಲ್ಲಿ ಹಿಡಿದು ಹೋಗಬೇಕು.

ಕೇಳುಗರೇ, ಗೊಬ್ಬರಕ್ಕೆ ಸುರಿಯುವ ಹಣ ರೈತನ ದುಡಿಮೆಯದು. ಅದಕ್ಕೆ ಸರ್ಕಾರ ಕೊಡುವ ಸಹಾಯಧನ ಎಲ್ಲರ ತೆರಿಗೆಯದು. ಕೆಡುವ ಮಣ್ಣು ಮುಂದಿನ ತಲೆಮಾರಿನದು. ಆದ್ದರಿಂದ ಈ ಬೇಸಿಗೆಯಲ್ಲಿ, ಮುಂಗಾರಿಗೆ ಮೊದಲು, ಪ್ರತಿಯೊಬ್ಬ ರೈತನೂ ತನ್ನ ಹೊಲದ ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕೊಡಲಿ. ವರದಿ ಬಂದ ಮೇಲೆಯೇ ಗೊಬ್ಬರದ ಚೀಲ ಕೊಳ್ಳಲಿ.